ಕೊನೆಯ ಪುಟದ ಖಾಲಿ ಜಾಗ

ಜಗಳೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮಹಡಿ ಕೋಣೆಯಿದೆ. ಮೆಟ್ಟಿಲು ಹತ್ತುವಾಗ ತಲೆ ತಗ್ಗಿಸದವರ ಹಣೆಗೆ ತೊಲೆ ಬಡಿಯುತ್ತದೆ. ಹಾಗಾಗಿ ತಾಲ್ಲೂಕಿನ ದೊಡ್ಡ ಮನುಷ್ಯರೂ ಅಲ್ಲಿಗೆ ಬಗ್ಗಿಕೊಂಡೇ ಬರುತ್ತಾರೆ. ಸೊಕ್ಕೆಯ ಅಂಬಿಕಾ ಹದಿನಾರು ವರ್ಷಗಳಿಂದ ಆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ‘ಕೊಂಡುಕುರಿ’ ಎಂಬ ದಿನಪತ್ರಿಕೆಯ ಪುಟ ಕಟ್ಟುತ್ತಿದ್ದಾಳೆ. ಹೆಸರು ಇಲ್ಲಿನ ಕಾಡಿನ ನಾಲ್ಕು ಕೊಂಬಿನ ಹುಲ್ಲೆಯದು, ಪತ್ರಿಕೆ ನಾಲ್ಕೇ ಪುಟದ್ದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕು ದಾಟಿದರೆ ಅದರ ಹೆಸರು ಕೇಳಿದವರಿಲ್ಲ. ಎಷ್ಟು ಪ್ರತಿ ಹೋಗುತ್ತದೆ ಎಂದು ಸಂಪಾದಕ ಮರುಳಸಿದ್ದಪ್ಪನವರನ್ನು ಕೇಳಿದರೆ, ಓದುವವರಿಗೆ ಸಾಕಾಗುವಷ್ಟು, ಎನ್ನುತ್ತಾರೆ. ಪತ್ರಿಕೆಯ ಮಾಲೀಕರೂ ಅವರೇ, ವರದಿಗಾರರೂ ಅವರೇ.

ಸಂಜೆ ಏಳಕ್ಕೆ ಪುಟಗಳು ದಾವಣಗೆರೆಯ ಪ್ರೆಸ್ಸಿಗೆ ಹೋಗಬೇಕು. ಐದು ಗಂಟೆಯವರೆಗೆ ಕೊನೆಯ ಪುಟದ ಬಲಮೂಲೆಯಲ್ಲಿ ಎರಡು ಕಾಲಂ ಅಗಲ, ಹನ್ನೆರಡು ಸೆಂಟಿಮೀಟರ್ ಉದ್ದದ ಜಾಗವನ್ನು ಖಾಲಿ ಬಿಟ್ಟಿರಬೇಕು. ಅದು ಸರ್ಕಾರದ ಜಾಹೀರಾತಿಗೆ ಮೀಸಲು. ಪಂಕ್ತಿಯಲ್ಲಿ ಬಾರದ ಅತಿಥಿಗೂ ಒಂದು ಎಲೆ ಹಾಕಿಟ್ಟ ಹಾಗೆ ಮರುಳಸಿದ್ದಪ್ಪನವರು ಮೂವತ್ತು ವರ್ಷಗಳಿಂದ ಆ ಜಾಗ ಬಿಡುತ್ತ ಬಂದಿದ್ದಾರೆ. ಅತಿಥಿ ತಿಂಗಳಿಗೆ ಎರಡು ಸಲ ಬಂದರೆ ಹೆಚ್ಚು. ಬಂದರೂ ಚರಂಡಿಯ ಟೆಂಡರ್, ಹರಾಜು, ಕಳೆದುಹೋದ ದಾಖಲೆ.

ಈ ವಿಷಯ ತೆಗೆದರೆ ಮರುಳಸಿದ್ದಪ್ಪನವರಿಗೆ ಮೈಯೆಲ್ಲ ಉರಿ. ಸರ್ಕಾರಗಳು ಪತ್ರಿಕೆ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುತ್ತವೆ, ದೇಶದ ಎಲ್ಲ ಭಾಷೆಗೂ ಪಾಲಿದೆ ಎನ್ನುತ್ತವೆ. ಬಡಿಸುವವರು ಇಂಗ್ಲಿಷ್, ಹಿಂದಿಯ ಎಲೆಯ ಮುಂದೆ ನಿಂತೇ ಅರ್ಧ ಪಾತ್ರೆ ಬರಿದು ಮಾಡುತ್ತಾರೆ, ಕನ್ನಡ, ತೆಲುಗು, ಒಡಿಯಾ ಎಂದು ಪಂಕ್ತಿ ಇಳಿದು ಬರುವಾಗ ಸೌಟು ತಳ ಕೆರೆಯುತ್ತಿರುತ್ತದೆ, ಕನ್ನಡದೊಳಗೂ ಬೆಂಗಳೂರಿನವರು ಉಂಡು ಕೈ ತೊಳೆದ ಮೇಲೆ ಜಗಳೂರು ಎಂಬುದೊಂದು ಇದೆ ಎಂದು ಯಾರಿಗೆ ನೆನಪಾಗಬೇಕು, ಎಂಬುದು ಅವರ ವಾದ. ಈ ಮಾತನ್ನು ಅವರು ಸಂಪಾದಕೀಯದಲ್ಲಿ ಎಷ್ಟು ಸಲ ಬರೆದಿದ್ದಾರೆಂದರೆ ಅಂಬಿಕಾ ಹಳೆಯದನ್ನೇ ತೆಗೆದು ಹಾಕಿದರೂ ಯಾರಿಗೂ ತಿಳಿಯುವುದಿಲ್ಲ. ಒಂದೆರಡು ಸಲ ಹಾಗೆ ಹಾಕಿದ್ದೂ ಉಂಟು.

ಅತಿಥಿ ಬಾರದ ದಿನ ಎಲೆಯನ್ನು ಬರಿದು ಬಿಡುವಂತಿಲ್ಲವಲ್ಲ. ಮೊದಮೊದಲು ಅಂಬಿಕಾ ಆ ಜಾಗಕ್ಕೆ ಮನೆಮದ್ದು, ನುಡಿಮುತ್ತು ತುಂಬುತ್ತಿದ್ದಳು. ಏಳು ವರ್ಷಗಳ ಹಿಂದೆ ಒಂದು ಸಂಜೆ ನುಡಿಮುತ್ತೂ ಮುಗಿದುಹೋಗಿತ್ತು. ಬೆಳಿಗ್ಗೆ ರೊಟ್ಟಿ ತಟ್ಟುತ್ತ ಅವಳ ತಾಯಿ ಸುಂಕಲಮ್ಮ ಒಂದು ಕನಸು ಹೇಳಿದ್ದರು. ಕೈ ತಾನಾಗಿ ಅದನ್ನೇ ಟೈಪು ಮಾಡಿತು.

‘ಸೊಕ್ಕೆಯ ಸುಂಕಲಮ್ಮನವರಿಗೆ ನಿನ್ನೆ ಬಿದ್ದ ಕನಸು: ಜಗಳೂರು ಕೆರೆ ತುಂಬಿತ್ತು. ಮೀನುಗಳು ಎದ್ದು ನಡೆದುಕೊಂಡು ಬಸ್ ನಿಲ್ದಾಣಕ್ಕೆ ಬಂದು, ದಾವಣಗೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವು. ನಾನು ನನಗೂ ಗೊತ್ತಿಲ್ಲ ಎಂದೆ. ಎಲ್ಲರೂ ಒಟ್ಟಿಗೆ ಕಾದೆವು.’

ಮರುದಿನ ಬಸ್ ನಿಲ್ದಾಣದಲ್ಲಿ ಜನ ಮೀನಿನ ಮಾತೇ ಆಡಿದರು. ಮೂರನೆಯ ದಿನ ಬಿಳಿಚೋಡಿನ ಕುರಿಗಾಹಿ ದಾಸಪ್ಪ ಮೆಟ್ಟಿಲು ಹತ್ತಿ, ಹಣೆ ಬಡಿಸಿಕೊಂಡು, ನಂದೂ ಒಂದೈತೆ, ಬರಕೊಳ್ರಿ ಎಂದು ಬಾಗಿಲಲ್ಲಿ ನಿಂತ. ಅವನ ಕನಸಿನಲ್ಲಿ ಕುರಿಗಳು ಸಾಲಾಗಿ ನಿಂತು ಅವನನ್ನು ಎಣಿಸಿದ್ದವು. ಎಷ್ಟು ಸಲ ಎಣಿಸಿದರೂ ಒಬ್ಬ ಕಡಿಮೆ ಬರುತ್ತಿದ್ದನಂತೆ.

ಅಂದಿನಿಂದ ಕನಸುಗಳು ನಡೆದು ಬಂದವು, ಫೋನಿನಲ್ಲಿ ಬಂದವು, ಬಸ್ ಕಂಡಕ್ಟರುಗಳ ಕೈಯಲ್ಲಿ ಚೀಟಿಯಾಗಿ ಬಂದವು. ಅಂಬಿಕಾಳ ನಿಯಮ ಎರಡೇ. ಕಂಡವರ ಹೆಸರು ಮತ್ತು ಊರು ಹಾಕಬೇಕು, ಕನಸಿಗೆ ಅರ್ಥ ಹೇಳಬಾರದು. ಮಟ್ಕಾ ನಂಬರ್ ಹುಡುಕಿಕೊಂಡು ಬಂದವನನ್ನು ಅವಳು ಮೆಟ್ಟಿಲಲ್ಲೇ ಹಿಂದೆ ಕಳಿಸಿದ್ದಳು. ತಾನು ಶಾಸಕನಾದ ಕನಸು ತಂದ ಪಂಚಾಯಿತಿ ಸದಸ್ಯರಿಗೆ, ಇದು ಎಚ್ಚರವಿದ್ದಾಗ ಕಂಡದ್ದು ಸಾರ್, ನಮ್ಮಲ್ಲಿ ನಿದ್ದೆಯವು ಮಾತ್ರ, ಎಂದಿದ್ದಳು. ಕೂಲಿ ಮಾಡುವವರು, ಅಡಿಕೆ ಸುಲಿಯುವವರು, ಅಂಗನವಾಡಿಯವರು, ಸತ್ತ ಮೇಲೂ ಪತ್ರಿಕೆಯಲ್ಲಿ ಹೆಸರು ಬಾರದವರು, ಎರಡು ಕಾಲಂ ಅಗಲದಲ್ಲಿ ಒಂದು ದಿನ ಅಚ್ಚಾಗಿ ಹೋಗುತ್ತಿದ್ದರು. ಸಂಜೆ ಐದರ ಹೊತ್ತಿಗೆ ಕಿಟಕಿಯ ಬಿಸಿಲು ಕೀಬೋರ್ಡಿನ ಮೇಲೆ ಹರಿದು, ಓಣಿಯ ಸದ್ದೆಲ್ಲ ದೂರವಾಗಿ, ಅಂಬಿಕಾ ಯಾರದೋ ನಿದ್ದೆಯೊಳಗೆ ಕೂತು ಟೈಪು ಮಾಡುತ್ತಿದ್ದಳು. ಅವಳಿಗೆ ಸ್ವಂತ ಕನಸು ಬೀಳುವುದು ನಿಂತೇಹೋಗಿತ್ತು. ಅದರ ಬಗ್ಗೆ ಬೇಸರವೂ ಇರಲಿಲ್ಲ. ಆ ಒಂದು ತಾಸು ಅವಳ ಇಡೀ ದಿನದ ಸುಖ.

ಹೋದ ವರ್ಷ ಪತ್ರಿಕೆ ಅಚ್ಚಿನ ಕಾಗದದ ಬೆಲೆ ಏರಿತು. ಮರುಳಸಿದ್ದಪ್ಪನವರ ಮೊಣಕಾಲು ಮೆಟ್ಟಿಲು ಹತ್ತಲು ಹಟ ಮಾಡತೊಡಗಿತು. ಉಳಿದದ್ದು ಒಂದೇ ದಾರಿ. ಸರ್ಕಾರದ ಜಾಹೀರಾತಿಗೆ ಮೇಲಿನ ಪಟ್ಟಿ ಎಂಬುದೊಂದಿದೆ, ಅದರಲ್ಲಿ ಹೆಸರು ಸೇರಿದರೆ ವಾರವಿಡೀ ಜಾಹೀರಾತು ಬರುತ್ತದೆ. ಅವರು ಅರ್ಜಿ ಹಾಕಿದರು. ಒಂದು ವರ್ಷದ ಸಂಚಿಕೆಗಳನ್ನು ಒಂದೂ ಬಿಡದೆ ಫೈಲು ಮಾಡಿ ಇಡಿ, ಹನ್ನೆರಡು ದಿನದಲ್ಲಿ ಅಧಿಕಾರಿ ಬಂದು ನೋಡುತ್ತಾರೆ ಎಂದು ಪತ್ರ ಬಂತು. ಇದು ಆಗದಿದ್ದರೆ ಯುಗಾದಿಗೆ ಬಾಗಿಲು ಹಾಕುವುದೇ ಸರಿ ಎಂದು ಅವರು ಮೆಲ್ಲಗೆ ಹೇಳಿದರು. ಸಿಟ್ಟಿನಲ್ಲಿ ಹೇಳಿದ್ದರೆ ಅಂಬಿಕಾ ನಂಬುತ್ತಿರಲಿಲ್ಲ.

ಅವಳ ಕಣ್ಣು ಫೈಲುಗಳ ಕಡೆ ಹೋಯಿತು. ಕಾರಣ, ಫೈಲಿನಲ್ಲಿ ಏನು ಇಲ್ಲವೆಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಪತ್ರಿಕೆಯಲ್ಲಿ ತಮ್ಮ ಕನಸು ಬಂದ ಜನ ವಾರ ಬಿಟ್ಟು, ತಿಂಗಳು ಬಿಟ್ಟು, ಆ ದಿನದ ಪೇಪರ್ ಒಂದು ಕೊಡ್ರಿ ಎಂದು ಬರುತ್ತಿದ್ದರು. ಉಳಿಕೆ ಪ್ರತಿಗಳು ಮುಗಿದಿದ್ದರೆ ಇವಳು ಫೈಲಿನ ದಾರ ಸಡಿಲಿಸಿ ಅದರೊಳಗಿನದನ್ನೇ ತೆಗೆದು ಕೊಟ್ಟುಬಿಡುತ್ತಿದ್ದಳು. ದೂರದಿಂದ ಬಸ್ಸಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವಳಿಗೆ ಬರುತ್ತಿರಲಿಲ್ಲ. ಹೀಗೆ ಒಂದು ವರ್ಷದಲ್ಲಿ ಹತ್ತೊಂಬತ್ತು ದಿನಗಳು ಮಾಯವಾಗಿದ್ದವು. ಯಾವ ದಿನ ಯಾರಿಗೆ ಎಂಬುದನ್ನು ಮಾತ್ರ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು.

ಮುಚ್ಚಿಟ್ಟರೆ ನಿದ್ದೆ ಬಾರದು ಎಂದು ಮರುದಿನವೇ ಎಲ್ಲ ಹೇಳಿಬಿಟ್ಟಳು. ಮರುಳಸಿದ್ದಪ್ಪನವರು ಬಹಳ ಹೊತ್ತು ಕನ್ನಡಕ ಒರೆಸಿದರು. ಪುಟಗಳೆಲ್ಲ ಕಂಪ್ಯೂಟರಿನಲ್ಲಿವೆ, ಹತ್ತೊಂಬತ್ತನ್ನೂ ಒಂದೊಂದು ಪ್ರತಿ ಹೊಸದಾಗಿ ಅಚ್ಚು ಹಾಕಿಸಿದರೆ ಆಯಿತಲ್ಲ ಎಂದು ಅವಳೇ ದಾರಿ ತೋರಿಸಿದಳು.

“ಜಾಹೀರಾತು ಬಂದ ದಿನ ಮಾತ್ರ ಪೇಪರ್ ಮಾಡೋ ಮಂದಿ ಅದಾರೆ. ಹಳೇ ತಾರೀಕು ಹಾಕಿ ಫೈಲಿಗೆ ಅಂತ ಅಚ್ಚು ಹಾಕ್ತಾರೆ. ಅವರನ್ನ ಮೂವತ್ತು ವರ್ಷ ಬೈದೀನಿ” ಎಂದರು. “ಈಗ ನಾನೇ ಅದನ್ನ ಮಾಡಾಕೆ ಆಗಲ್ಲವ್ವ. ಕೊಟ್ಟಾಕಿ ನೀನು. ಹೋಗಿ ಇಸ್ಕಂಡು ಬಾ.”

ಸರ್ಕಾರಿ ಬಸ್ಸು ಸಿಕ್ಕರೆ ಆಧಾರ್ ಕಾರ್ಡು, ಖಾಸಗಿ ಬಸ್ಸು ಸಿಕ್ಕರೆ ಚಿಲ್ಲರೆ. ಅಂಬಿಕಾ ಹೊರಟಳು. ಪುಟ ಕಟ್ಟಲು ಸಂಜೆಯೊಳಗೆ ಮರಳಬೇಕಾದ್ದರಿಂದ ನಸುಕಿನಲ್ಲೇ ಎದ್ದು ಹೋಗುತ್ತಿದ್ದಳು. ಕಿಟಕಿಗೆ ತಲೆಯಾನಿಸಿ ಕೂತರೆ ಹೊರಗಿನ ಮೆಕ್ಕೆಜೋಳದ ಹೊಲ, ಕಲ್ಲುಗುಡ್ಡ, ಕೆರೆ ಏರಿ ಎಲ್ಲವೂ ತಾನು ಟೈಪು ಮಾಡಿದ್ದ ಯಾವುದೋ ಕನಸಿನಿಂದ ಎದ್ದು ಬಂದಂತೆ ಕಾಣುತ್ತಿದ್ದವು. ಈ ತಿರುವಿನಲ್ಲೇ ಅಲ್ಲವೇ ಆ ಮೇಷ್ಟರಿಗೆ ಎತ್ತು ಅಡ್ಡ ಬಂದು ಮಗ್ಗಿ ಕೇಳಿದ್ದು? ಈ ಆಲದ ಮರದ ಕೆಳಗೇ ಅಲ್ಲವೇ ಆ ಹುಡುಗಿಗೆ ಮೋಡ ಇಳಿದು ಚಪ್ಪಲಿ ಕಳಚಿಟ್ಟದ್ದು? ನಾಲ್ಕು ತಾಲ್ಲೂಕುಗಳನ್ನೂ ಅವಳು ಮೊದಲೇ ಬಲ್ಲಳು, ಕಣ್ಣಿಂದ ನೋಡಿರಲಿಲ್ಲ ಅಷ್ಟೇ.

ಬಿಳಿಚೋಡಿನ ದಾಸಪ್ಪ ಈ ವರ್ಷ ತನ್ನ ಇನ್ನೊಂದು ಕನಸು ಅಚ್ಚಾದಾಗ ಒಯ್ದಿದ್ದ ಪೇಪರನ್ನು ಕಂಬಳಿಯ ಮಡಿಕೆಯಿಂದ ತೆಗೆದುಕೊಟ್ಟ. ಅದಕ್ಕೆ ಕುರಿಯ ವಾಸನೆ ಹತ್ತಿತ್ತು. ಕೆರೆಬಿಳಚಿಯಲ್ಲಿ ಅಡಿಕೆ ಸುಲಿಯುವ ಚೌಡೇಶ್ವರಿ ತನ್ನದನ್ನು ಅಡುಗೆಮನೆಯ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದ್ದಳು. ಅವಳ ಕನಸಿನಲ್ಲಿ ಸೂಳೆಕೆರೆ ಬತ್ತಿ, ತಳದಲ್ಲಿ ಒಂದು ಪೇಟೆ ಬೀದಿ ಎದ್ದು, ತೀರಿಹೋದ ಅತ್ತೆ ಅಲ್ಲಿ ಬಳೆ ಮಾರುತ್ತ ಕೂತಿದ್ದರು. ಸೊಸೆ ಎಂದು ನೋಡದೆ ಒಂದು ರೂಪಾಯಿಯನ್ನೂ ಬಿಡಲಿಲ್ಲವಂತೆ. ಇಬ್ಬರೂ ಸೇರಿ ನೀರು ಹಚ್ಚಿ, ಚಾಕುವಿನಿಂದ ಮೆಲ್ಲಗೆ ಎಬ್ಬಿಸಿದರು. ಪೇಪರಿನ ಬೆನ್ನಿಗೆ ಗೋಡೆಯ ಸುಣ್ಣವೂ ಒಂದಿಷ್ಟು ಬಂತು. ಗೋಡೆಯ ಮೇಲೆ ಉಳಿದ ಬೋಳು ಚೌಕವನ್ನು ನೋಡಿ ಚೌಡೇಶ್ವರಿಗೆ ಕಣ್ಣು ತುಂಬಿತು. ಹೊನ್ನಾಳಿಯ ಔಷಧಿ ಅಂಗಡಿಯ ವಿನಯ್ ಕುಮಾರ್ ಲ್ಯಾಮಿನೇಷನ್ ಮಾಡಿಸಿ ಬಿಟ್ಟಿದ್ದ. ಅದನ್ನು ಹಾಗೇ ತಂದಳು.

ಇಷ್ಟೆಲ್ಲ ಓಡಾಡುವಾಗ ಒಂದು ವಿಷಯ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಹತ್ತೊಂಬತ್ತೂ ಸಿಕ್ಕಿದರೆ ಪತ್ರಿಕೆ ಪಟ್ಟಿಗೆ ಸೇರುತ್ತದೆ. ಸೇರಿದರೆ ಅತಿಥಿ ದಿನಾ ಬರುತ್ತಾನೆ. ಆಮೇಲೆ ಖಾಲಿ ಜಾಗವೆಲ್ಲಿ? ಜನರ ಮನೆಯಿಂದ ಕನಸುಗಳನ್ನು ಇಸಿದುಕೊಂಡು, ಕನಸುಗಳ ಬಾಗಿಲಿಗೇ ಬೀಗ ಹಾಕಲು ಹೊರಟಿದ್ದಳು ಅವಳು. ಒಂದು ಪೇಪರ್ ಸಿಗಲಿಲ್ಲವೆಂದು ಸುಳ್ಳು ಹೇಳಿದರೂ ಸಾಕಿತ್ತು. ಆದರೆ ಯುಗಾದಿಗೆ ಬಾಗಿಲು ಹಾಕಿದರೆ ಜಾಗವೂ ಇಲ್ಲ, ಪುಟವೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಹೊನ್ನಾಳಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕೆಳಗೆ ತುಂಗಭದ್ರೆಯನ್ನು ನೋಡುತ್ತ ಅವಳು ಸದ್ದಿಲ್ಲದೆ ಅತ್ತಳು. ಪಕ್ಕದ ಹೆಂಗಸು ಕಾರಣ ಕೇಳದೆ ಒಂದು ಪೇರಲ ಹಣ್ಣು ಕೊಟ್ಟಳು.

ಕೊನೆಯದು ನ್ಯಾಮತಿಯ ಅಜ್ಜಮ್ಮನದು. ಎಂಬತ್ತರ ಹತ್ತಿರದ ಅಜ್ಜಿ, ಓದು ಬಾರದವರು. ಮೊಮ್ಮಗಳು ರಕ್ಷಾ ಶಾಲೆಯಿಂದ ಬಂದ ಮೇಲೆ ದಿನಾ ಪತ್ರಿಕೆ ಓದಿ ಹೇಳುತ್ತಾಳೆ. ಅಜ್ಜಮ್ಮನ ಮೊದಲ ಮಗಳು ಆರು ವರ್ಷಕ್ಕೇ ಜ್ವರ ಬಂದು ತೀರಿಕೊಂಡಿದ್ದಳು. ಕನಸಿನಲ್ಲಿ ಆ ಮಗಳು ತಲೆ ನರೆತು, ಬೆನ್ನು ಬಾಗಿ, ತಾಯಿಗಿಂತ ಮುದುಕಿಯಾಗಿ ಬಂದಿದ್ದಳು. ‘ನಾನು ಅವಳ ತಲೆ ಬಾಚಿ ಜಡೆ ಹಾಕಿದೆ’ ಎಂದು ಮುಗಿದಿತ್ತು ಆ ದಿನದ ಎರಡು ಕಾಲಂ.

ಅಜ್ಜಿ ಕೊಡಲಾರೆ ಎನ್ನಬಹುದು ಎಂದು ಅಂಬಿಕಾ ಹೆದರಿದ್ದಳು. ಅಜ್ಜಮ್ಮ ಟ್ರಂಕಿನ ಮುಚ್ಚಳ ತೆಗೆದು, ಸೀರೆಗಳ ನಡುವಿನಿಂದ ಪೇಪರ್ ಎತ್ತಿ ಅವಳ ಕೈಗಿಟ್ಟರು.

“ತಗಂಡ್ ಹೋಗವ್ವ. ನಂಗೇನು, ಬಾಯಾಗೆ ಐತೆ” ಎಂದರು. “ಪೇಪರ್‌ನಾಗೆ ಅರ್ಧಾನೇ ಐತಲ್ಲ. ನಾನು ಜಡೆ ಹಾಕಿದ ಮ್ಯಾಲೆ ಅವ್ಳು ತಿರುಗಿ ಕುಂತು ನನ್ ತಲೆ ಬಾಚಿದ್ಳು. ಬಾಚ್ತಾ ಬಾಚ್ತಾ, ಅವ್ವಾ ನಿಂಗೆ ಭಾಳ ದಣಿವಾಗೈತೆ ಅಂದ್ಳು. ಫೋನಿನಾಗೆ ಎಲ್ಲಾ ಹೇಳಿದ್ದೆ. ಜಾಗ ಇರಲಿಲ್ಲೇನೋ ನಿಂಗೆ.”

ಅಂಬಿಕಾಳ ಮುಖ ಕೆಂಪಾಯಿತು. ಅವಳಿಗೆ ಚೆನ್ನಾಗಿ ನೆನಪಿತ್ತು. ನಾಲ್ಕು ಸಾಲು ಹೆಚ್ಚಾಗಿತ್ತು, ಸರ್ಕಾರದ ಅಳತೆ ಮೀರಬಾರದೆಂದು ಕೊನೆಯಿಂದ ಕತ್ತರಿಸಿದ್ದಳು. ಒಬ್ಬ ತಾಯಿಗೆ ಸತ್ತ ಮಗಳು ಆಡಿದ ಮಾತನ್ನು ಹನ್ನೆರಡು ಸೆಂಟಿಮೀಟರಿಗಾಗಿ ಕತ್ತರಿಸಿದವಳು ತಾನು ಎಂದು ತಿಳಿದಾಗ ಆದ ನಾಚಿಕೆ ಅಷ್ಟಿಷ್ಟಲ್ಲ. ತಪ್ಪಾಯಿತು ಅಜ್ಜಿ ಎಂದಳು. ತಪ್ಪೆಂಥದು, ಕನಸು ಇದ್ದಷ್ಟು ಜಾಗ ಯಾರ ಹತ್ತಿರ ಇದೆ ಎಂದು ಅಜ್ಜಮ್ಮ ಮಜ್ಜಿಗೆ ಕೊಟ್ಟರು.

ಅಧಿಕಾರಿ ಬಂದರು. ನಡುವಯಸ್ಸಿನ ಹೆಣ್ಣುಮಗಳು, ಮೆಟ್ಟಿಲಲ್ಲಿ ಹಣೆ ಬಡಿಸಿಕೊಂಡೇ ಬಂದರು. ಮರುಳಸಿದ್ದಪ್ಪನವರು ನೀರು ಕೊಟ್ಟು ಕೈಕಟ್ಟಿ ನಿಂತರು. ಅಧಿಕಾರಿ ಫೈಲನ್ನು ತಿಂಗಳು ತಿಂಗಳಾಗಿ ತಿರುವುತ್ತ ಹೋದರು. ಗರಿಗರಿ ಕಾಗದಗಳ ನಡುವೆ ಇದ್ದಕ್ಕಿದ್ದಂತೆ ಕುರಿ ವಾಸನೆ. ಮುಂದೆ ಅರಿಶಿನದ ಬೆರಳಚ್ಚು. ಮುಂದೆ ಸುಣ್ಣ. ಮುಂದೆ ಪ್ಲಾಸ್ಟಿಕ್ಕಿನೊಳಗೆ ಮಿಂಚುವ ಒಂದು ಮಂಗಳವಾರ. ಇವೇಕೆ ಹೀಗಿವೆ ಎಂದು ಕೇಳಿದರು.

ಮರುಳಸಿದ್ದಪ್ಪನವರು ಬಾಯಿ ತೆರೆಯುವ ಮೊದಲೇ ಅಂಬಿಕಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಧಿಕಾರಿ ಕುರ್ಚಿಗೆ ಒರಗಿ ಕೊನೆಯ ಪುಟಗಳನ್ನು ಓದತೊಡಗಿದರು. ಫ್ಯಾನು ತಿರುಗುತ್ತಿತ್ತು. ಕೆಳಗೆ ಯಾವುದೋ ಬಸ್ಸು ಚಿತ್ರದುರ್ಗ, ಚಿತ್ರದುರ್ಗ ಎಂದು ಕೂಗಿಸಿಕೊಂಡು ಹೋಯಿತು. ಅವರು ಹತ್ತೊಂಬತ್ತನ್ನೂ ಓದಿ ಮುಗಿಸಿದರು.

“ನಾನು ಎಷ್ಟೋ ಪತ್ರಿಕೆಗಳ ಫೈಲು ನೋಡಿದ್ದೇನೆ. ಮಡಿಕೆಯೂ ಬಿಚ್ಚಿರುವುದಿಲ್ಲ” ಎಂದರು ಅವರು. “ಮನುಷ್ಯರು ಓದಿದ ಪೇಪರ್ ಇಲ್ಲೇ ನೋಡಿದ್ದು.” ಸಹಿ ಹಾಕಿದರು. ಇಳಿಯುವಾಗ ತಲೆ ತಗ್ಗಿಸಿದರು.

ಒಂದೂವರೆ ತಿಂಗಳಲ್ಲಿ ಆದೇಶ ಬಂತು. ಮರುಳಸಿದ್ದಪ್ಪನವರು ಅಂಗಡಿಯಿಂದ ಅರ್ಧ ಕೆಜಿ ಬೆಣ್ಣೆ ಬಿಸ್ಕತ್ತು ತರಿಸಿದರು. ಅಂಬಿಕಾಳ ಕೈಗೆ ಕೊಡುವಾಗ ಅವಳ ತಲೆಯ ಮೇಲೆ ಕೈಯಿಟ್ಟರು. ಕನಸುಗಳಿಗೆ ಇನ್ನು ಜಾಗವಿಲ್ಲವೆಂದು ಅವರಿಗೂ ಗೊತ್ತಿತ್ತು. ಅವಳು ಬಿಸ್ಕತ್ತು ತಿಂದಳು. ಪತ್ರಿಕೆ ಉಳಿದದ್ದಕ್ಕೆ ನಿಜವಾಗಿಯೂ ಸಂತೋಷವಾಗಿತ್ತು, ಅದರಲ್ಲಿ ಕಪಟವಿರಲಿಲ್ಲ. ಅಂದೇ ಮೊದಲ ಜಾಹೀರಾತು ಬಂತು, ಬಣ್ಣದ್ದು, ಕೊನೆಯ ಪುಟದ ಕೆಳಗಿನರ್ಧ ಪೂರ್ತಿ. ಮರುದಿನ ಇನ್ನೊಂದು. ಐದು ಗಂಟೆಗೆ ಬಿಸಿಲು ಕೀಬೋರ್ಡಿಗೆ ಬರುವ ಹೊತ್ತಿಗೆ ಅವಳಿಗೆ ಕೆಲಸವೇ ಉಳಿದಿರುತ್ತಿರಲಿಲ್ಲ. ಫೋನಿನಲ್ಲಿ ಕನಸು ಹೇಳುವವರಿಗೆ ಜಾಗವಿಲ್ಲ ಎನ್ನುತ್ತಿದ್ದಳು, ಆದರೂ ಕೇಳುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ನ್ಯಾಮತಿಯಿಂದ ಅಜ್ಜಮ್ಮನ ಫೋನು ಬಂತು. ರಕ್ಷಾ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಅಜ್ಜಿ ಪೇಪರ್ ಹಿಡಿದು ಬರೀ ಚಿತ್ರ ನೋಡುತ್ತ ಕೂತಿದ್ದರು.

“ಈ ಸಲ ಬಣ್ಣದಾಗೆ ಹಾಕೀರಲ್ಲವ್ವ” ಎಂದರು. “ಭಾಳ ಚಂದೈತೆ. ಹೊಸಾ ಮನಿ, ಬಾಗ್ಲಾಗೆ ನಲ್ಲಿ, ನಲ್ಲಿ ತುಂಬ ನೀರು, ಬಿಂದಿಗೆ ಹಿಡಕಂಡು ನಗೋ ಹೆಂಗ್ಸು. ಯಾರಿಗೆ ಬಿದ್ದ ಕನಸು ಇದು?”

ಅಂಬಿಕಾ ಮೇಜಿನ ಮೇಲಿದ್ದ ಪತ್ರಿಕೆಯನ್ನು ತಿರುಗಿಸಿ ನೋಡಿದಳು. ಮನೆಯಿತ್ತು, ನಲ್ಲಿಯಿತ್ತು, ನೀರಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಜಾಹೀರಾತಿನ ಸಂಖ್ಯೆಯಿತ್ತು. ನಗುವ ಹೆಂಗಸಿನ ಹೆಸರು ಎಲ್ಲೂ ಇರಲಿಲ್ಲ, ಊರೂ ಇರಲಿಲ್ಲ.

“ಹೆಸರು ಹಾಕಿಲ್ಲ ಅಜ್ಜಿ” ಎಂದಳು.

ಆ ಕಡೆ ಅಜ್ಜಮ್ಮ ಮತ್ತೆ ಪುಟ ತಿರುವಿದರು. ಪೇಪರ್ ಸರಬರ ಎನ್ನುವುದು ಕೇಳಿಸುತ್ತಿತ್ತು.

“ಹೆಸರಿಲ್ದೆ ಹೆಂಗವ್ವ? ಪಾಪ, ಎಲ್ಲಿ ನೀರು ಹೊರ್ತಾ ಅದಾಳೋ ಏನೋ ಆಕಿ” ಎಂದರು. “ಒಂದು ಪೇಪರ್ ಎತ್ತಿಟ್ಟಿರು. ಕೇಳ್ಕಂಡು ಬಂದೇ ಬರ್ತಾಳೆ.”

ಅಂಬಿಕಾ ಆಗಲಿ ಅಜ್ಜಿ ಎಂದಳು.